ಹೊಸ ಬೋಟಿಗೆ ಪಾಲು ಹಾಕಿದವರಿಗೆ ಒಂದು ಬಹಿರಂಗ ಪತ್ರ

ಬಜಪೆ, ಕೆಂಜಾರು, ಪೊರ್ಕೋಡಿ, ಮರವೂರು ಸುತ್ತಮುತ್ತಲಿನ ಬೋಟ್ ಪಾಲುದಾರರೇ,



ನಮ್ಮ ಊರಿಗೆ ಕಡಲು ತಾಗಿಲ್ಲ. ಆದರೆ ನಮ್ಮ ಊರಿನ ದುಡ್ಡು ಕಡಲಿನಲ್ಲಿದೆ. ಗಲ್ಫ್‌ನಲ್ಲಿ ದುಡಿದು ಬಂದವರು, ನಿವೃತ್ತಿಯ ಹಣ ಕೈಸೇರಿದವರು, ಜಾಗ ಕೊಟ್ಟು ಪರಿಹಾರ ಪಡೆದವರು ನಾಲ್ಕೈದು ಮಂದಿ ಒಟ್ಟಾಗಿ ಬೋಟಿಗೆ ಪಾಲು ಹಾಕುವುದು ಇಲ್ಲಿ ಹೊಸದಲ್ಲ. ಮರವೂರು ಸೇತುವೆಯಡಿ ಹರಿಯುವ ಫಲ್ಗುಣಿ ಬಂದರಿನ ಬದಿಯಿಂದ ಸಾಗಿ, ನೇತ್ರಾವತಿಯ ಜತೆ ಅಳಿವೆ ಬಾಗಿಲಿನಲ್ಲಿ ಸಮುದ್ರ ಸೇರುತ್ತದೆ. ನೀವು ಹಣ ಹಾಕಿದ ಬೋಟು ಮೀನಿಗೆ ಹೊರಡುವುದೂ ಆ ಬಾಗಿಲಿನಿಂದಲೇ.

ನಾನು ಸರಕು ಹಡಗುಗಳಲ್ಲಿ ದುಡಿದು ನಿವೃತ್ತನಾಗಿ ಬಜಪೆಯಲ್ಲಿ ನೆಲೆಸಿದವನು. ಹೊಸ ಬೋಟು ಕಟ್ಟಿಸುವವರು ಕೆಲವರು ಆಗಾಗ ಕೊಟೇಶನ್ ಹಿಡಿದು ಬಂದು, "ಒಮ್ಮೆ ಕಣ್ಣಾಡಿಸಿ ಕೊಡಿ" ಎನ್ನುತ್ತಾರೆ. ಆ ಕಾಗದಗಳನ್ನು ನೋಡಿ ನೋಡಿ ಈ ಪತ್ರ ಬರೆಯುತ್ತಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಧಕ್ಕೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ, ಹೊಸವು ಯಾರ್ಡ್‌ನಲ್ಲಿ ಬಣ್ಣ ಬಳಿಸಿಕೊಳ್ಳುತ್ತಿವೆ. ಮಾತಾಡಬೇಕಾದದ್ದನ್ನು ಈಗಲೇ ಮಾತಾಡಬೇಕು. ಆಗಸ್ಟ್ 1ರ ಬೆಳಗ್ಗೆ ಯಾರ ಕಿವಿಯೂ ಖಾಲಿ ಇರುವುದಿಲ್ಲ.

ಕೊಟೇಶನ್ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. ಎಂಜಿನ್ ಯಾವ ಕಂಪನಿಯದು, ಎಷ್ಟು ಕುದುರೆಶಕ್ತಿಯದು, ಗೇರ್‌ಬಾಕ್ಸ್ ಯಾವುದು, ವಿಂಚ್ ಎಷ್ಟು ಟನ್ನಿನದು, ಜಿಪಿಎಸ್, ಫಿಶ್ ಫೈಂಡರ್, ಬಲೆ, ರೋಪು, ಕೊನೆಗೆ ಸ್ಪೀಕರು. ಪ್ರತಿಯೊಂದಕ್ಕೂ ಪ್ರತ್ಯೇಕ ಸಾಲು, ಪ್ರತ್ಯೇಕ ದರ, ಒಂದೊಂದರ ಮೇಲೂ ಚೌಕಾಸಿ. ಎಲ್ಲಕ್ಕಿಂತ ಕೆಳಗೆ "ಸೇಫ್ಟಿ ಸಾಮಾನು" ಎಂಬ ಒಂದೇ ಸಾಲು, ಅದರೆದುರು ಒಂದು ಗುಂಡು ಮೊತ್ತ. ಒಳಗೆ ಏನೇನಿದೆ ಎಂದು ಕೇಳಿದರೆ, "ಲೈಸನ್ಸಿಗೆ ಬೇಕಾದಷ್ಟು ಹಾಕಿ ಕೊಡುತ್ತಾರೆ" ಎಂಬ ಉತ್ತರ. ಕೋಟಿಯ ಆಸುಪಾಸಿನ ಬೋಟಿನಲ್ಲಿ ಜೀವ ಉಳಿಸುವ ಸಾಮಾನಿನ ಆಯ್ಕೆಯನ್ನು ಹೀಗೆ ಮೂರನೆಯವರ ಕೈಗೆ ಬಿಟ್ಟುಬಿಡುತ್ತೇವೆ.

ನನ್ನ ಮಾತು ಇಷ್ಟೇ: ಆ ಒಂದು ಸಾಲನ್ನು ಬಿಡಿಸಿ ಬರೆಸಿ. ಸಮುದ್ರಕ್ಕೆ ಹೋಗುವ ತಾಂಡೇಲ ಮತ್ತು ಕಲಾಸಿಗಳು ಇದನ್ನು ನಿಮ್ಮ ಬಳಿ ಕೇಳುವವರಲ್ಲ. ಸಂಬಳ, ಬಾಟಾ, ಮುಂಗಡದ ಮಾತಿನಲ್ಲೇ ಅವರ ಬಾಯಿ ಸೋತಿರುತ್ತದೆ. ಕೊಡುವ ಕೈ ನಿಮ್ಮದಾದ್ದರಿಂದ ಕೇಳುವ ಬಾಯಿಯೂ ನಿಮ್ಮದೇ ಆಗಬೇಕು.

ನಮ್ಮದೇ ಕಡಲಿನ ಮೂರು ದುರಂತಗಳನ್ನು ನೆನಪಿಸಿಕೊಳ್ಳಿ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ದ ಸಂಪರ್ಕ ಎರಡು ದಿನಗಳ ಬಳಿಕ ಕಡಿದುಹೋಯಿತು. ಅದರಲ್ಲಿದ್ದವರು ಏಳು ಮಂದಿ: ಉಡುಪಿಯ ಇಬ್ಬರು, ಉತ್ತರ ಕನ್ನಡದ ಐವರು. ಅಪಹರಣವೋ, ಅಪಘಾತವೋ ಎಂದು ಊರೆಲ್ಲ ತರ್ಕಿಸಿತು. ಮೀನುಗಾರರು ಬೀದಿಗಿಳಿದರು. 2019ರ ಮೇ ಆರಂಭದಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣ್ ಬಳಿ ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿತು. ಏಳು ಮನೆಗಳು ನಾಲ್ಕೂವರೆ ತಿಂಗಳು ಬಾಗಿಲು ನೋಡುತ್ತಾ ಕುಳಿತವು.

2020ರ ನವೆಂಬರ್ ಕೊನೆಯ ರಾತ್ರಿ ಮಂಗಳೂರಿನ ‘ಶ್ರೀರಕ್ಷಾ’ ಪರ್ಸೀನ್ ಬೋಟು ಮೀನು ಹೇರಿಕೊಂಡು ಮರಳುವಾಗ ಮಗುಚಿತು. ಆರು ಮಂದಿ ತೀರಿಕೊಂಡರು. ಉಳಿದವರನ್ನು ಬದುಕಿಸಿದ್ದು ಬೋಟಿನ ಜತೆಗಿದ್ದ ಸಣ್ಣ ಡಿಂಗಿ.

2021ರ ಏಪ್ರಿಲ್ 13ರ ನಸುಕಿನಲ್ಲಿ ನವಮಂಗಳೂರಿನಿಂದ 40ಕ್ಕೂ ಹೆಚ್ಚು ನಾಟಿಕಲ್ ಮೈಲು ದೂರದಲ್ಲಿ ಕೇರಳದ ಬೇಪೂರಿನ ‘ರಬಾಹ್’ ಬೋಟಿಗೂ ಸಿಂಗಾಪುರದ ಕಂಟೈನರ್ ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಮಂದಿಯಲ್ಲಿ ಜೀವಂತ ಸಿಕ್ಕಿದವರು ಇಬ್ಬರೇ.

2010ರ ಮೇ 22ರಂದು ನಮ್ಮ ಕೆಂಜಾರಿನಲ್ಲಿ ವಿಮಾನ ಬಿದ್ದು 158 ಮಂದಿ ಸತ್ತಾಗ ತನಿಖೆ ನಡೆಯಿತು, ವರದಿ ಬಂತು, ತಪ್ಪೆಲ್ಲಿ ಎಂದು ಜಗತ್ತಿಗೆ ತಿಳಿಯಿತು. ಬೋಟು ಮುಳುಗಿದಾಗ ಪರಿಹಾರದ ಘೋಷಣೆ ಓದಿದ್ದೇನೆ, ಯಾವ ಸಾಮಾನು ಇದ್ದಿದ್ದರೆ ಯಾರು ಬದುಕುತ್ತಿದ್ದರು ಎಂಬ ವರದಿ ಓದಿದ ನೆನಪು ನನಗಿಲ್ಲ. ಆ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು. ಮೇಲಿನ ಮೂರೂ ದುರಂತಗಳು ಕೇಳುವ ಪ್ರಶ್ನೆ ಮೂರು. ನೀರಿಗೆ ಬಿದ್ದವನು ತೇಲುತ್ತಾನೆಯೇ? ಬೋಟು ಕಷ್ಟದಲ್ಲಿದೆ ಎಂದು ಯಾರಿಗಾದರೂ ತಿಳಿಯುತ್ತದೆಯೇ? ಕತ್ತಲಲ್ಲಿ ಬೋಟು ಕಾಣುತ್ತದೆಯೇ?

ತೇಲುವ ಮಾತು ಮೊದಲು. ಲೈಫ್ ಜಾಕೆಟ್ ಎಲ್ಲ ಬೋಟಿನಲ್ಲೂ ಇದೆ. ಎಲ್ಲಿದೆ ಎಂದು ನೋಡಿ. ಪ್ಲಾಸ್ಟಿಕ್ ಬಿಚ್ಚದೆ ವೀಲ್‌ಹೌಸಿನ ಮೇಲೋ, ಬಲೆಯ ರಾಶಿಯಡಿಯೋ, ಐಸ್ ಖಾನೆಯ ಪಕ್ಕವೋ ಬಿದ್ದಿರುತ್ತದೆ. ಇನ್‌ಸ್ಪೆಕ್ಷನ್ ಮುಗಿದ ಮೇಲೆ ಅದು ದಿಂಬು. ಮಗುಚುವ ಬೋಟು ಜಾಕೆಟ್ ಹುಡುಕಲು ಸಮಯ ಕೊಡುವುದಿಲ್ಲ.

ಕೊಳ್ಳುವಾಗ ಜಾಕೆಟಿನ ಲೇಬಲ್ ಮೇಲಿನ ‘ನ್ಯೂಟನ್’ ಅಂಕೆ ಓದಿ. 50 ಎಂದಿದ್ದರೆ ಅದು ಈಜು ಬಲ್ಲವನಿಗೆ ದಡದ ಹತ್ತಿರದ ಆಸರೆ ಮಾತ್ರ, ಪ್ರಜ್ಞೆ ತಪ್ಪಿದವನ ಮುಖವನ್ನು ಅದು ಮೇಲಕ್ಕೆ ತಿರುಗಿಸುವುದಿಲ್ಲ. 100 ಎಂದಿದ್ದರೆ ಸುಮಾರು 10 ಕಿಲೋ ಭಾರವನ್ನು ಎತ್ತಿ ಹಿಡಿಯುವ ಶಕ್ತಿ. ಆಳಸಮುದ್ರಕ್ಕೆ, ದಪ್ಪ ಬಟ್ಟೆ ತೊಟ್ಟವರಿಗೆ 150 ಇದ್ದರೆ ಒಳ್ಳೆಯದು. ಬಲೆ ಎಳೆಯುವಾಗ ದಪ್ಪ ಫೋಮ್ ಜಾಕೆಟ್ ತೊಟ್ಟು ಕೆಲಸ ಮಾಡಲು ಆಗುವುದಿಲ್ಲ ಎನ್ನುವ ಕಲಾಸಿಯ ಮಾತು ಸುಳ್ಳಲ್ಲ. ಸೆಕೆ, ಬೆವರು, ರೋಪಿಗೆ ಸಿಕ್ಕಿಕೊಳ್ಳುವ ಭಯ ಎಲ್ಲವೂ ನಿಜ. ಅಂಥವರಿಗೆ ಗ್ಯಾಸ್ ಸಿಲಿಂಡರಿನಿಂದ ತಾನೇ ಉಬ್ಬುವ ತೆಳುವಾದ ಜಾಕೆಟ್ ಬಂದಿದೆ. ಬೆಲೆ ಹೆಚ್ಚು, ಸಿಲಿಂಡರನ್ನು ಆಗಾಗ ನೋಡಿಕೊಳ್ಳಬೇಕು. ಆದರೆ ಮೈಮೇಲಿರುವ ತೆಳು ಜಾಕೆಟು ಅಟ್ಟದ ಮೇಲಿನ ದಪ್ಪ ಜಾಕೆಟಿಗಿಂತ ಮೇಲು. ಕನಿಷ್ಠ ಡೆಕ್‌ನಲ್ಲಿ ರಾತ್ರಿ ಕೆಲಸ ಮಾಡುವವರಿಗಾದರೂ ಅದನ್ನು ಕೊಡಿಸಿ. ಫೋಮಿನದ್ದು ಬಿಸಿಲಿಗೂ ಡೀಸೆಲಿಗೂ ಸಾಯುತ್ತದೆ. ವರ್ಷಕ್ಕೊಮ್ಮೆ ನಿಷೇಧದ ಅವಧಿಯಲ್ಲಿ ಒಂದೊಂದನ್ನೂ ನೀರಿಗೆ ಹಾಕಿ ಪರೀಕ್ಷಿಸಿ.

ಇನ್ನೊಂದು ಮಾತು ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ರಾತ್ರಿ ಮೂತ್ರಕ್ಕೆಂದು ಬೋಟಿನ ಅಂಚಿಗೆ ಹೋಗಿ ಆಯತಪ್ಪಿ ಬಿದ್ದವರ ಸುದ್ದಿ ಕರಾವಳಿಯ ಪತ್ರಿಕೆ ಓದುವವರಿಗೆ ಅಪರೂಪವಲ್ಲ. ನಿದ್ದೆಗಣ್ಣು, ಒದ್ದೆ ಹಲಗೆ, ಒಂದು ತೆರೆ, ಮಿಕ್ಕವರೆಲ್ಲ ಮಲಗಿರುತ್ತಾರೆ. ಬೆಳಗ್ಗೆ ಚಾ ಕುಡಿಯುವ ಹೊತ್ತಿಗೆ ಒಬ್ಬ ಕಡಿಮೆ. ಎಂಟು ಹತ್ತು ದಿನ ಕಡಲಲ್ಲಿರುವ ಬೋಟಿಗೆ ಒಂದು ಸಣ್ಣ ಶೌಚದ ಗೂಡು, ಹಿಂಭಾಗದಲ್ಲಿ ಸೊಂಟದೆತ್ತರದ ಗಟ್ಟಿ ಕಂಬಿ, ಡೆಕ್‌ಗೆ ಜಾರದ ಬಣ್ಣ. ಇವು ಯಾವ ಸೇಫ್ಟಿ ಪಟ್ಟಿಯಲ್ಲೂ ಮೇಲೆ ಬರುವುದಿಲ್ಲ. ನನ್ನ ಪಟ್ಟಿಯಲ್ಲಿ ಇವು ಮೊದಲು. ಯಾರ್ಡ್‌ನಲ್ಲಿರುವಾಗಲೇ ಹೇಳಿದರೆ ಖರ್ಚು ಅಲ್ಪ.

ಬಿದ್ದವನನ್ನು ಮೇಲೆತ್ತುವ ದಾರಿಯೂ ಬೇಕು. 30 ಮೀಟರ್ ತೇಲುವ ಹಗ್ಗ ಕಟ್ಟಿದ ಲೈಫ್‌ಬಾಯ್ ಎರಡು ಬದಿಯಲ್ಲೂ ಇರಲಿ, ಒಂದಕ್ಕಾದರೂ ನೀರಿಗೆ ಬಿದ್ದೊಡನೆ ಹೊತ್ತಿಕೊಳ್ಳುವ ದೀಪವಿರಲಿ. ಬೋಟಿನ ಬದಿ ಎತ್ತರ. ಸುಸ್ತಾದವನು ಕೈ ಹಿಡಿದು ಹತ್ತಲಾರ. ಒಂದು ಹಗ್ಗದ ಏಣಿ ಇರಲಿ.

ಇನ್ನು ಸುದ್ದಿ ಮುಟ್ಟಿಸುವುದು. ಮೊಬೈಲ್ ದಡದಿಂದ ಸ್ವಲ್ಪ ದೂರ ಹೋದ ಮೇಲೆ ಟಾರ್ಚ್ ಮಾತ್ರ. ಬೋಟಿಗೆ 25 ವ್ಯಾಟಿನ ಮರೈನ್ ವೈರ್‌ಲೆಸ್ ಹಾಕಿಸಿ, ಆಂಟೆನಾ ಎಷ್ಟು ಎತ್ತರವಿದ್ದರೆ ಮಾತು ಅಷ್ಟು ದೂರ ಹೋಗುತ್ತದೆ. ಜತೆಗೆ 5 ವ್ಯಾಟಿನ ಕೈಸೆಟ್ ಒಂದು, ನೀರು ಹೋಗದ್ದು. ವೀಲ್‌ಹೌಸಿಗೆ ನೀರು ನುಗ್ಗಿದರೆ ದೊಡ್ಡ ಸೆಟ್ ಮೊದಲು ಸಾಯುತ್ತದೆ. ಅಪಾಯದಲ್ಲಿ ಕರೆಯಬೇಕಾದದ್ದು ಚಾನೆಲ್ 16. "ಮೇಡೇ" ಎಂದು ಮೂರು ಸಲ, ಬೋಟಿನ ಹೆಸರು, ಎಲ್ಲಿದ್ದೇವೆ, ಎಷ್ಟು ಮಂದಿ, ಏನಾಗಿದೆ. ಇಷ್ಟನ್ನು ಒಂದು ಹಲಗೆಯಲ್ಲಿ ಬರೆದು ಸೆಟ್ಟಿನ ಪಕ್ಕ ಮೊಳೆ ಹೊಡೆಯಿರಿ. ಗಾಬರಿಯಲ್ಲಿ ಸ್ವಂತ ಬೋಟಿನ ನಂಬರೂ ಮರೆಯುತ್ತದೆ.

ಅದಕ್ಕೂ ಆಚೆ ಉಪಗ್ರಹದ ಸಾಧನ. ಇಸ್ರೋದ ಅಪಾಯ ಸಂಕೇತದ ಪೆಟ್ಟಿಗೆಯ, ಅಂದರೆ ಡಾಟ್‌ನ, ಗುಂಡಿ ಒತ್ತಿದರೆ ಸಂಕೇತ ಬೆಂಗಳೂರಿನ ಇಸ್ಟ್ರಾಕ್ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ ತಲುಪುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಕಳಿಸಿದ್ದು ಮುಟ್ಟಿತೋ ಇಲ್ಲವೋ ಎಂಬ ಮರುಮಾತು ಇರಲಿಲ್ಲ. 2024ರಲ್ಲಿ ಬಂದ ಎರಡನೆಯ ಪೀಳಿಗೆಯ ಡಾಟ್‌ನಲ್ಲಿ "ಸಂದೇಶ ಸಿಕ್ಕಿದೆ" ಎಂಬ ಉತ್ತರ ಬೋಟಿಗೆ ಮರಳಿ ಬರುತ್ತದೆ. ನೀರಿನಲ್ಲಿ ಸಹಾಯಕ್ಕಾಗಿ ಕಾಯುವವನಿಗೆ ಆ ಉತ್ತರದ ಬೆಲೆ ಏನೆಂದು ಹಡಗಿನಲ್ಲಿ ದುಡಿದ ನನಗೆ ಗೊತ್ತು. ಇದಲ್ಲದೆ ಮತ್ಸ್ಯ ಸಂಪದ ಯೋಜನೆಯಡಿ ದೇಶದ ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಉಚಿತವಾಗಿ ಹಾಕುವ ಕೆಲಸಕ್ಕೆ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಚಾಲನೆ ಸಿಕ್ಕಿದೆ. ನಿಮ್ಮ ಬೋಟಿಗೆ ಯಾವಾಗ ಎಂದು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. "ನಾವು ಮೀನು ಹಿಡಿಯುವ ಜಾಗ ಬೇರೆಯವರಿಗೆ ಗೊತ್ತಾಗುತ್ತದೆ" ಎಂದು ಇದನ್ನು ಆಫ್ ಮಾಡಿಸುವ ಚಾಳಿಗೆ ಪಾಲುದಾರರು ಸೊಪ್ಪು ಹಾಕಬಾರದು. ಮೀನಿನ ಗುಟ್ಟು ಕಾಯಲು ಹೋಗಿ ಬೋಟಿನ ಗುರುತನ್ನೇ ಅಳಿಸಿದ ಹಾಗಾಗುತ್ತದೆ.

ಕಾಣಿಸಿಕೊಳ್ಳುವುದು ಮೂರನೆಯದು. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ದೊಡ್ಡ ಹಡಗುಗಳ ದಾರಿಯನ್ನು ನಮ್ಮ ಬೋಟುಗಳು ಹಗಲೂ ರಾತ್ರಿ ಅಡ್ಡ ಹಾಯುತ್ತವೆ. ಅಂಥ ಹಡಗಿನ ಮೇಲೆ ನಿಂತು ನೋಡಿದವನಾಗಿ ಹೇಳುತ್ತೇನೆ: ಮರದ ಮತ್ತು ಫೈಬರಿನ ಬೋಟು ರಾಡಾರಿನಲ್ಲಿ ಅರೆಬರೆ ಕಾಣುತ್ತದೆ, ತೆರೆ ಎದ್ದಾಗ ಅದೂ ಇಲ್ಲ. ಕಂಬದ ತುದಿಗೆ ಒಂದು ರಾಡಾರ್ ರಿಫ್ಲೆಕ್ಟರ್ ಕಟ್ಟಿದರೆ ಹಡಗಿನವನ ಪರದೆಯಲ್ಲಿ ಚುಕ್ಕಿ ಮೂಡುತ್ತದೆ. ಅದಕ್ಕೆ ಕರೆಂಟೂ ಬೇಡ, ರಿಪೇರಿಯೂ ಬೇಡ. ಬೋಟಿನ ಗುರುತು, ಜಾಗವನ್ನು ಸುತ್ತಲಿನ ಹಡಗುಗಳಿಗೆ ತಾನೇ ತಿಳಿಸುವ ಎಐಎಸ್ ಸಾಧನ 20 ಮೀಟರ್ ಮೀರಿದ ಬೋಟಿಗೆ ಕಡ್ಡಾಯ. ಚಿಕ್ಕದಕ್ಕೂ ಹಾಕಿಸಿದರೆ ನಷ್ಟವೇನಿಲ್ಲ.

ದೀಪದ ವಿಷಯದಲ್ಲಿ ನಮ್ಮವರದು ವಿಚಿತ್ರ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ. ಟ್ರಾಲ್ ಎಳೆಯುವಾಗ ಹಸಿರಿನ ಕೆಳಗೆ ಬಿಳಿ, ಬೇರೆ ಬಲೆ ಬಿಟ್ಟಿದ್ದರೆ ಕೆಂಪಿನ ಕೆಳಗೆ ಬಿಳಿ. ಇದು ಜಗತ್ತಿನ ಎಲ್ಲ ನಾವಿಕರೂ ಓದುವ ಭಾಷೆ. ನಾವು ಡೆಕ್ ತುಂಬ ಕಣ್ಣು ಕುಕ್ಕುವ ಎಲ್‌ಇಡಿ ಉರಿಸಿ ಆ ಭಾಷೆಯನ್ನು ಮುಚ್ಚಿಬಿಡುತ್ತೇವೆ. ಹಡಗಿನವನಿಗೆ ಬೆಳಕು ಕಾಣುತ್ತದೆ, ಬೋಟು ಯಾವ ಕಡೆ ಹೋಗುತ್ತಿದೆ ಎಂಬುದು ಕಾಣುವುದಿಲ್ಲ. ಜತೆಗೆ ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು 2017ರಲ್ಲೇ ಕೇಂದ್ರ ಸರಕಾರ ನಿಷೇಧಿಸಿದೆ. ಎಲ್‌ಇಡಿಗೆ ಸುರಿಯುವ ಹಣವನ್ನು ಸರಿಯಾದ ದೀಪಕ್ಕೆ ಹಾಕಿ.

ಬೋಟು ಮುಳುಗದಂತೆ ನೋಡಿಕೊಳ್ಳುವ ಸಾಮಾನು ಇವೆಲ್ಲಕ್ಕಿಂತ ಅಗ್ಗ. ಒಂದು ಲೆಕ್ಕ ನೋಡಿ. ನೀರಿನ ಮಟ್ಟದಿಂದ ಎರಡಡಿ ಕೆಳಗೆ ಎರಡಿಂಚಿನ ಒಂದು ಪೈಪು ಕಳಚಿತು ಎನ್ನಿ. ನಿಮಿಷಕ್ಕೆ 200 ಲೀಟರಿಗೂ ಹೆಚ್ಚು ನೀರು ಒಳಬರುತ್ತದೆ. ಗಂಟೆಗೆ 2,000 ಗ್ಯಾಲನ್ ಎಂದು ಬರೆದಿರುವ ಬಿಲ್ಜ್ ಪಂಪು ಹೊಸದಿದ್ದಾಗಲೇ ನಿಮಿಷಕ್ಕೆ 125 ಲೀಟರಿನಷ್ಟು ಹೊರಹಾಕೀತು. ಪಂಪು ಓಡುತ್ತಲೇ ಇರುತ್ತದೆ, ಬೋಟು ಮುಳುಗುತ್ತಲೇ ಇರುತ್ತದೆ. ಆದ್ದರಿಂದ ಹಲಗೆ ಕೊರೆದು ಪೈಪು ಹಾಯಿಸಿದ ಪ್ರತಿ ಜಾಗದ ಪಕ್ಕದಲ್ಲೂ ಆ ತೂತಿಗೆ ಹೊಂದುವ ಮರದ ಬೆಣೆಯೊಂದನ್ನು ದಾರ ಹಾಕಿ ಕಟ್ಟಿಸಿ. ಬಡಿಗನಿಗೆ ಅರ್ಧ ದಿನದ ಕೆಲಸ. ಪಂಪು ಎರಡಿರಲಿ, ಒಂದಕ್ಕೆ ನೀರೇರಿದಾಗ ತಾನೇ ಓಡುವ ಸ್ವಿಚ್ಚು, ಇನ್ನೊಂದು ಕೈಯಲ್ಲಿ ಒತ್ತುವಂಥದ್ದು. ಬ್ಯಾಟರಿ ಎಂಜಿನ್ ಕೋಣೆಯ ತಳದಲ್ಲಿದ್ದರೆ ಎಲ್ಲಕ್ಕಿಂತ ಮೊದಲು ಮುಳುಗುವುದು ಅದೇ, ಎತ್ತರದಲ್ಲಿಡಿಸಿ.

ಅಳಿವೆ ಬಾಗಿಲಿನಲ್ಲಿ ಹೂಳು, ಎರಡು ಕಡೆ ಕಲ್ಲಿನ ತಡೆಗೋಡೆ, ಎದ್ದು ಒಡೆಯುವ ತೆರೆ. ಅಲ್ಲಿ ಎಂಜಿನ್ ಬಂದ್ ಬಿದ್ದರೆ ಉಳಿಸುವುದು ಲಂಗರು ಮಾತ್ರ. ಅದು ಬಲೆಯಡಿ ಹೂತಿರದೆ ಮುಂಭಾಗದಲ್ಲಿ ಕೈಗೆ ಸಿಗುವಂತಿರಲಿ. ಕೆಲವು ಮಾರು ಸರಪಳಿ, ನೀರಿನ ಆಳದ ಐದಾರು ಪಟ್ಟು ಉದ್ದದ ಹಗ್ಗ ಇರಲಿ. ಔಟ್‌ಬೋರ್ಡ್ ಎಂಜಿನಿನ ನಾಡದೋಣಿಯಾದರೆ, ಓಡಿಸುವವನ ಕೈಗೆ ಕಟ್ಟುವ ಕಿಲ್ ಸ್ವಿಚ್ಚಿನ ಬಳ್ಳಿಯನ್ನು ಮೊದಲ ದಿನವೇ ಬಿಚ್ಚಿಡಲು ಬಿಡಬೇಡಿ. ಅವನು ಬಿದ್ದರೆ ದೋಣಿ ಅವನನ್ನು ಬಿಟ್ಟು ಓಡಿಹೋಗುತ್ತದೆ, ಇಲ್ಲವೇ ಸುತ್ತಿ ಬಂದು ಅವನ ಮೇಲೆಯೇ ಹಾಯುತ್ತದೆ.

ವಿಷಗಾಳಿಯ ಅಪಾಯವನ್ನು ಬಜಪೆಯವರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. 2022ರ ಏಪ್ರಿಲ್‌ನಲ್ಲಿ ಇಲ್ಲೇ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಮೀನಿನ ತ್ಯಾಜ್ಯದ ತೊಟ್ಟಿಗೆ ಒಬ್ಬ ಬಿದ್ದ, ಅವನನ್ನು ಎತ್ತಲು ಇಳಿದವರೂ ಕುಸಿದರು. ಪಶ್ಚಿಮ ಬಂಗಾಳದ ಐವರು ಕಾರ್ಮಿಕರು ಸತ್ತರು. ಕೊಳೆತ ಮೀನು ಬಿಡುವ ವಿಷಾನಿಲ ಬೋಟಿನ ಮೀನಿನ ಖಾನೆಯಲ್ಲೂ ಕಟ್ಟಿಕೊಳ್ಳುತ್ತದೆ, ಅದರಲ್ಲೂ ಎರಡು ತಿಂಗಳು ಮುಚ್ಚಿಟ್ಟು ಆಗಸ್ಟಿನಲ್ಲಿ ತೆರೆಯುವಾಗ. ಖಾನೆಗೆ ಗಾಳಿ ಊದುವ ಫ್ಯಾನು, ಇಳಿಯುವವನ ಸೊಂಟಕ್ಕೆ ಹಗ್ಗ, ಮೇಲೆ ಒಬ್ಬ ಕಾವಲು, ಇದು ನಿಯಮವಾಗಲಿ. ಅಡುಗೆಯ ಗ್ಯಾಸೂ ಗಾಳಿಗಿಂತ ಭಾರ. ಸೋರಿದರೆ ಹೊರಗೆ ಹೋಗದೆ ಬೋಟಿನ ತಳಕ್ಕೆ ಇಳಿದು ಕಿಡಿಗಾಗಿ ಕಾಯುತ್ತದೆ. ಸಿಲಿಂಡರ್ ಡೆಕ್‌ನ ಮೇಲೆ, ತೆರೆದ ಜಾಗದಲ್ಲಿರಲಿ. ಡ್ರೈ ಪೌಡರಿನ ಅಗ್ನಿಶಾಮಕ ಎರಡಿರಲಿ: ಒಂದು ಅಡುಗೆಯ ಹತ್ತಿರ, ಇನ್ನೊಂದು ಎಂಜಿನ್ ಕೋಣೆಯ ಬಾಗಿಲಲ್ಲಿ, ಒಳಗಲ್ಲ.

ಚಿಲ್ಲರೆ ಸಾಮಾನನ್ನು ಬೇಗ ಹೇಳಿ ಮುಗಿಸುತ್ತೇನೆ. ವಿಂಚಿಗೆ ಕಬ್ಬಿಣದ ಮುಚ್ಚಳ ಮತ್ತು ತಕ್ಷಣ ನಿಲ್ಲಿಸುವ ಗುಂಡಿ. ಲುಂಗಿಯ ತುದಿ ಸಿಕ್ಕಿದರೆ ಕಾಲೂ ಹೋಗುತ್ತದೆ. ಪ್ರತಿಯೊಬ್ಬನ ಸೊಂಟದಲ್ಲಿ ಹಗ್ಗ ಕೊಯ್ಯುವ ಚೂರಿ, ಕೈಗೆ ಗ್ಲೌಸ್, ಕಾಲಿಗೆ ಗಮ್‌ಬೂಟು. ತಲೆಗೆ ಕಟ್ಟುವ ಟಾರ್ಚು. ಔಷಧಿ ಪೆಟ್ಟಿಗೆ, ಜತೆಗೆ ಒಂದು ಫ್ಲಾಸ್ಕು: ತೊರಕೆಯ ಮುಳ್ಳೋ ತೇಡೆಯ ಮುಳ್ಳೋ ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಮುಳುಗಿಸಿಟ್ಟರೆ ನೋವು ಇಳಿಯುತ್ತದೆ. ಆಮೇಲೆ ಡಾಕ್ಟರು ನೋಡಲಿ.

ಸಾಮಾನು ತಂದಿಟ್ಟರೆ ಅರ್ಧ ಕೆಲಸ. ನಿಮ್ಮ ಬೋಟಿನ ಕಲಾಸಿಗಳು ಯಾರು? ಉತ್ತರ ಕನ್ನಡದವರು, ತಮಿಳರು, ಆಂಧ್ರದವರು, ಒಡಿಶಾ, ಜಾರ್ಖಂಡ್, ಛತ್ತೀಸಗಢದವರು. ಹಲವರು ಕಡಲನ್ನೇ ಮೊದಲ ಬಾರಿ ನೋಡುವವರು, ಈಜು ಬಾರದವರು. ತಾಂಡೇಲ ತುಳುವಿನಲ್ಲಿ ಕೂಗಿದ್ದು ಅವರಿಗೆ ಅರ್ಥವಾಗುವುದಿಲ್ಲ. ಜಾಕೆಟ್ ಎಲ್ಲಿ, ಬೆಣೆ ಎಲ್ಲಿ, ಯಾವ ಗುಂಡಿ ಒತ್ತಬೇಕು ಎಂಬುದಕ್ಕೆ ಚಿತ್ರ ಬರೆದು ಅಂಟಿಸಿ. ಹೊಸ ಬೋಟು ಇಳಿಸುವ ದಿನ ಗಣಹೋಮ ಮಾಡಿಸುತ್ತೀರಿ, ಹೂವಿನ ಅಲಂಕಾರ ಮಾಡಿಸುತ್ತೀರಿ, ಊಟ ಹಾಕಿಸುತ್ತೀರಿ. ಆ ಊಟಕ್ಕೆ ಕೂರುವ ಮೊದಲು ಎಲ್ಲರೂ ಒಮ್ಮೆ ಜಾಕೆಟ್ ತೊಟ್ಟು, ಪಟ್ಟಿ ಬಿಗಿದು ತೋರಿಸಲಿ. ಒಬ್ಬನಾದರೂ ಚಾನೆಲ್ 16 ತಿರುಗಿಸಿ ತೋರಿಸಲಿ. ಗಂಟೆಯೊಳಗೆ ಮುಗಿಯುವ ಕೆಲಸ.

ಪ್ರತಿ ಸಲ ಬೋಟು ಹೊರಡುವಾಗ ಯಾರ್ಯಾರು ಹೋದರು ಎಂಬ ಹೆಸರಿನ ಪಟ್ಟಿ, ಅವರ ಮನೆಯ ಫೋನ್ ನಂಬರು ದಡದಲ್ಲಿ ಒಬ್ಬ ಪಾಲುದಾರನ ಬಳಿ ಇರಲಿ. ಹುಡುಕಲು ಹೊರಟವರು ಕೇಳುವ ಮೊದಲ ಪ್ರಶ್ನೆಯೇ "ಎಷ್ಟು ಜನ?" ಎಂಬುದು. ಮತ್ಸ್ಯ ಸಂಪದ ಯೋಜನೆಯ ಗುಂಪು ಅಪಘಾತ ವಿಮೆಯಲ್ಲಿ ಸಾವಿಗೆ ಐದು ಲಕ್ಷ ರೂಪಾಯಿ ಸಿಗುತ್ತದೆ, ಹೆಸರು ನೋಂದಾಯಿಸಿದ್ದರೆ ಮಾತ್ರ. ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸಿನ 1093, ಇವೆರಡನ್ನೂ ನಿಮ್ಮ ಫೋನಿನಲ್ಲಿ ಈಗಲೇ ಬರೆದಿಟ್ಟುಕೊಳ್ಳಿ. ಹವಾಮಾನ ಇಲಾಖೆ ಮತ್ತು ಹೈದರಾಬಾದಿನ ಇಂಕಾಯ್ಸ್ ಕೊಡುವ ತೆರೆಯೆತ್ತರದ ಎಚ್ಚರಿಕೆಯನ್ನು ಪಾಲುದಾರನೂ ಓದಬೇಕು. ಎಚ್ಚರಿಕೆ ಇದ್ದ ದಿನ "ಯಾಕೆ ಹೊರಡಲಿಲ್ಲ?" ಎಂದು ತಾಂಡೇಲನಿಗೆ ಫೋನ್ ಮಾಡದಿರುವುದೂ ಒಂದು ಸೇಫ್ಟಿ ಸಾಮಾನೇ. ಅದಕ್ಕೆ ಬಿಲ್ಲಿಲ್ಲ.

ಹಣ ಸಾಲದಿದ್ದರೆ ಈ ಕ್ರಮದಲ್ಲಿ ಕೊಳ್ಳಿ: ಕಂಬಿ, ಬೆಣೆ ಮತ್ತು ಜಾಕೆಟ್; ಆಮೇಲೆ ವೈರ್‌ಲೆಸ್ ಮತ್ತು ಡಾಟ್; ಆಮೇಲೆ ದೀಪ, ರಿಫ್ಲೆಕ್ಟರ್, ಎರಡನೆಯ ಪಂಪು. ದೊಡ್ಡ ಪರದೆಯ ಫಿಶ್ ಫೈಂಡರ್ ಮುಂದಿನ ವರ್ಷಕ್ಕಿರಲಿ, ಸ್ಪೀಕರ್ ಅದರಾಚೆಯ ವರ್ಷಕ್ಕೆ.

ಜುಲೈ 31ಕ್ಕೆ ಮೊದಲು ಪಾಲುದಾರರೆಲ್ಲ ಒಂದು ಭಾನುವಾರ ಒಟ್ಟಾಗಿ ಧಕ್ಕೆಗೆ ಹೋಗಿ. ಎಂಜಿನ್ ನೋಡುವುದನ್ನು ಮೆಕ್ಯಾನಿಕ್‌ಗೆ ಬಿಡಿ. ಈ ಪತ್ರ ಕೈಯಲ್ಲಿ ಹಿಡಿದು ಒಂದೊಂದೇ ಸಾಮಾನು ತೋರಿಸಲು ತಾಂಡೇಲನಿಗೆ ಹೇಳಿ. ಅವನು ಹುಡುಕಿ ತರಬೇಕಾಗಿ ಬಂದದ್ದೆಲ್ಲ ಇಲ್ಲವೆಂದೇ ಲೆಕ್ಕ. ಅದನ್ನು ಸರಿಪಡಿಸುವ ತನಕ ಬೋಟು ಬಿಡಬೇಡಿ.

ಇತಿ,
ನಿಮ್ಮ ಊರಿನವನೇ ಆದ ಒಬ್ಬ ಹಳೆಯ ಹಡಗು ನೌಕರ
ಬಜಪೆ